ಪ್ರಾಸ್ಟೇಟ್ ಕ್ಯಾನ್ಸರ್ ಚಿಕಿತ್ಸೆಯ ನಂತರ: ‘ಪುನಶ್ಚೇತನ’ದ ಪುರಾವೆ ಎಷ್ಟು ಗಟ್ಟಿ?

ಕೆಲವು ತಿಂಗಳ ಹಿಂದೆ ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕರೊಬ್ಬರು ನಮ್ಮ ಮನೆಗೆ ಬಂದಿದ್ದರು. ಪ್ರಾಸ್ಟೇಟ್ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಎಂಟು ತಿಂಗಳಾಗಿತ್ತು. ರೋಗ ಹತೋಟಿಯಲ್ಲಿದೆ ಎಂದು ವೈದ್ಯರು ಹೇಳಿದ್ದರು. ಕಾಫಿ ಕುಡಿದಾದ ಮೇಲೆ ಅವರು ಚೀಲದಿಂದ ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. ಒಂದು, ದಿನವೂ ರಾತ್ರಿ ನುಂಗಬೇಕಾದ ಮಾತ್ರೆಯ ಚೀಟಿ. ಇನ್ನೊಂದು, ‘ಶಾಕ್‌ವೇವ್’ ಚಿಕಿತ್ಸೆಯ ಬಣ್ಣದ ಕರಪತ್ರ. “ಸರ್, ಡಾಕ್ಟರ ಹತ್ತಿರ ಬಿಡಿಸಿ ಕೇಳಲು ನಾಚಿಕೆ, ಮನೆಯಲ್ಲಿ ಹೇಳಲು ಇನ್ನೂ ನಾಚಿಕೆ. ಇದರಲ್ಲಿರುವ ಅಂಕಿಗಳನ್ನು ನಂಬಬಹುದೇ, ಅಷ್ಟು ಹೇಳಿ ಸಾಕು” ಎಂದರು.

ನಾನು ವೈದ್ಯನಲ್ಲ. ಆದರೆ ಅಂಕಿಗಳನ್ನು ಓದುವುದು, ಅಳತೆಯಲ್ಲಿ ಎಲ್ಲಿ ದೋಷ ನುಸುಳುತ್ತದೆ ಎಂದು ಹುಡುಕುವುದು ಭೌತವಿಜ್ಞಾನ ಕಲಿಸುವವನ ಕಸುಬು. ಆ ಮೇಷ್ಟ್ರಿಗಾಗಿ ನಾನು ಓದಿದ್ದನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಇಂಥ ವಿಷಯ ಈ ಪುಟಗಳಲ್ಲಿ ಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಸಂತಾನೋತ್ಪತ್ತಿಯ ಪಾಠ ಬಂದಾಗ “ಇದನ್ನು ನೀವೇ ಓದಿಕೊಳ್ಳಿ” ಎಂದು ಮುಂದಕ್ಕೆ ಹೋಗುವ ಅಭ್ಯಾಸ ನಮ್ಮ ಅನೇಕ ಶಾಲೆಗಳಲ್ಲಿದೆ. ಹದಿನೈದರಲ್ಲಿ ಬಿಟ್ಟ ಪಾಠ ಅರವತ್ತರಲ್ಲಿ ಎದುರಾದಾಗ ವಿಜ್ಞಾನ ಶಿಕ್ಷಕರೂ ಕರಪತ್ರವನ್ನು ನಂಬಬೇಕಾಗುತ್ತದೆ.

ಕೆಡುವುದು ಏನು?

ಪ್ರಾಸ್ಟೇಟ್ ಗ್ರಂಥಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕುಳಿತಿರುವ ಅಕ್ರೋಟು ಗಾತ್ರದ ಗ್ರಂಥಿ. ಅದರ ಎರಡೂ ಪಕ್ಕಗಳಲ್ಲಿ, ಹಿಂಬದಿಗೆ ಅಂಟಿಕೊಂಡಂತೆ, ಸೂಕ್ಷ್ಮ ನರಗಳು ಹಾದುಹೋಗುತ್ತವೆ. ಶಿಶ್ನದ ನಿಮಿರುವಿಕೆಯನ್ನು ನಿಯಂತ್ರಿಸುವುದು ಇವೇ. ಉದ್ರೇಕವಾದಾಗ ಈ ನರತುದಿಗಳು ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡುತ್ತವೆ. ಅದರ ಪ್ರಭಾವದಿಂದ ಸ್ನಾಯುಕೋಶಗಳಲ್ಲಿ ಸೈಕ್ಲಿಕ್ ಜಿಎಂಪಿ ಎಂಬ ಅಣು ಉತ್ಪತ್ತಿಯಾಗುತ್ತದೆ, ಸ್ನಾಯು ಸಡಿಲಗೊಳ್ಳುತ್ತದೆ, ಸ್ಪಂಜಿನಂಥ ಅಂಗಾಂಶಕ್ಕೆ ರಕ್ತ ನುಗ್ಗುತ್ತದೆ. ಉಬ್ಬಿದ ಅಂಗಾಂಶವು ಅಭಿಧಮನಿಗಳನ್ನು ಹೊರಗಿನ ಗಟ್ಟಿ ಪೊರೆಗೆ ಒತ್ತಿ ಹಿಡಿಯುವುದರಿಂದ ರಕ್ತ ಹಿಂದಿರುಗುವ ದಾರಿ ಮುಚ್ಚುತ್ತದೆ. ಸೈಕಲ್ ಟ್ಯೂಬಿನ ವಾಲ್ವಿನಂತೆ ಒತ್ತಡ ನಿಲ್ಲುತ್ತದೆ. ದೇಹದಲ್ಲಿ ನೈಟ್ರಿಕ್ ಆಕ್ಸೈಡಿನ ಈ ಸಂದೇಶವಾಹಕ ಪಾತ್ರವನ್ನು ಕಂಡುಹಿಡಿದವರಿಗೆ 1998ರ ನೊಬೆಲ್ ಪಾರಿತೋಷಕ ಬಂದಿತು. ಅದೇ ವರ್ಷ ಅಮೆರಿಕದಲ್ಲಿ ಸಿಲ್ಡೆನಫಿಲ್, ಅಂದರೆ ವಯಾಗ್ರ, ಮಾರುಕಟ್ಟೆಗೆ ಬಂದಿತು. ಈ ಮಾತ್ರೆ ನೈಟ್ರಿಕ್ ಆಕ್ಸೈಡನ್ನು ತಯಾರಿಸುವುದಿಲ್ಲ. ಸೈಕ್ಲಿಕ್ ಜಿಎಂಪಿಯನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ, ಅಷ್ಟೆ. ನರವೇ ಸಂದೇಶ ಕಳಿಸದಿದ್ದರೆ ಮಾತ್ರೆಗೆ ಉಳಿಸಲು ಏನೂ ಇರುವುದಿಲ್ಲ. ಮುಂದಿನ ಚರ್ಚೆಗೆ ಈ ಅಂಶವನ್ನು ನೆನಪಿಡಿ.

ಆ ನರಗಳ ದಾರಿ ಶಸ್ತ್ರವೈದ್ಯರಿಗೆ ಬಹುಕಾಲ ಸರಿಯಾಗಿ ಗೊತ್ತಿರಲಿಲ್ಲ. 1981ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಪ್ಯಾಟ್ರಿಕ್ ವಾಲ್ಶ್ ಹಾಲೆಂಡಿನ ಲೈಡನ್‌ನಲ್ಲಿ ಪೀಟರ್ ಡಾಂಕರ್ ಅವರೊಡನೆ ಮೃತಶಿಶುವಿನ ದೇಹದಲ್ಲಿ ಅವನ್ನು ಬಿಡಿಸಿ ನೋಡಿದರು. 1982ರ ಏಪ್ರಿಲ್‌ನಲ್ಲಿ ವಾಲ್ಶ್ ನರಗಳನ್ನು ಉಳಿಸಿ ಗ್ರಂಥಿಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆ ಮಾಡಿದರು. ಆದರೆ ಉಳಿಸಿದ ನರವೂ ಎಳೆತ, ಶಾಖ, ಊತಗಳಿಂದ ಪೆಟ್ಟು ತಿನ್ನುತ್ತದೆ. ಅದು ಚೇತರಿಸಿಕೊಳ್ಳಲು ಎರಡು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೇಕು. ವಿಕಿರಣ ಚಿಕಿತ್ಸೆಯಲ್ಲಿ ಹಾನಿ ಒಮ್ಮೆಲೇ ಕಾಣಿಸದೆ ವರ್ಷಗಳ ಮೇಲೆ ನಿಧಾನವಾಗಿ ಬೆಳೆಯುತ್ತದೆ. ಹಾರ್ಮೋನು ತಗ್ಗಿಸುವ ಚಿಕಿತ್ಸೆಯಲ್ಲಿ ಆಸೆಯೇ ಕುಗ್ಗುತ್ತದೆ.

ಒಂದೇ ಪ್ರಶ್ನೆ, ಎರಡು ಉತ್ತರ

ಶಸ್ತ್ರಚಿಕಿತ್ಸೆಯ ನಂತರ ಎಷ್ಟು ಮಂದಿಗೆ ಶಕ್ತಿ ಮರಳುತ್ತದೆ? ವಾಲ್ಶ್ ಮತ್ತು ಸಂಗಡಿಗರು 2000ದಲ್ಲಿ 64 ಮಂದಿಯ ವರದಿ ಪ್ರಕಟಿಸಿದರು. 18 ತಿಂಗಳ ನಂತರ ಶೇಕಡಾ 86 ಮಂದಿಗೆ ಮರಳಿತ್ತು. ಬ್ರಿಟನ್ನಿನ ‘ಪ್ರೊಟೆಕ್ಟ್’ ಅಧ್ಯಯನ ತನ್ನ ಫಲಿತಾಂಶವನ್ನು 2016ರಲ್ಲಿ ಪ್ರಕಟಿಸಿತು. ಅಲ್ಲಿ 50ರಿಂದ 69 ವಯಸ್ಸಿನ 1643 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಲಾಗಿತ್ತು: ಶಸ್ತ್ರಚಿಕಿತ್ಸೆ, ವಿಕಿರಣ, ನಿಗಾ ಇಟ್ಟು ಕಾಯುವುದು. ಸಂಭೋಗಕ್ಕೆ ಸಾಕಷ್ಟು ನಿಮಿರುವಿಕೆ ಇದೆ ಎಂದವರು ಆರಂಭದಲ್ಲಿ ಶೇಕಡಾ 67. ಆರು ತಿಂಗಳಿಗೆ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 12, ವಿಕಿರಣದ ಗುಂಪಿನಲ್ಲಿ 22, ನಿಗಾದ ಗುಂಪಿನಲ್ಲಿ 52. ಆರು ವರ್ಷಕ್ಕೆ ಇವೇ ಅಂಕಿಗಳು ಅನುಕ್ರಮವಾಗಿ 17, 27 ಮತ್ತು 30.

86 ಎಲ್ಲಿ, 17 ಎಲ್ಲಿ? ಯಾರೂ ಸುಳ್ಳು ಹೇಳಿಲ್ಲ. ಮೊದಲನೆಯದು ಆ ವಿಧಾನವನ್ನು ರೂಪಿಸಿದ ಶಸ್ತ್ರವೈದ್ಯರ ಕೈಯಲ್ಲಿ, ಆಯ್ದ ರೋಗಿಗಳಲ್ಲಿ ಬಂದ ಫಲ. ಅವರಲ್ಲಿ ಕೆಲವರು ಮಾತ್ರೆಯ ನೆರವನ್ನೂ ಪಡೆದಿದ್ದರು. ಎರಡನೆಯದು ಅನೇಕ ಆಸ್ಪತ್ರೆಗಳ, ಅನೇಕ ಕೈಗಳ ಸರಾಸರಿ. ಆರಂಭದಲ್ಲೇ ತೊಂದರೆಯಿದ್ದವರೂ ಅದರಲ್ಲಿ ಸೇರಿದ್ದಾರೆ. ನಿಗಾದ ಗುಂಪಿನಲ್ಲೂ 67 ಇದ್ದದ್ದು 30ಕ್ಕೆ ಇಳಿದಿರುವುದನ್ನು ಗಮನಿಸಿ. ವಯಸ್ಸು ತನ್ನ ಪಾಲು ಕಿತ್ತುಕೊಂಡಿದೆ. ಅವರಲ್ಲಿ ಹಲವರು ಮುಂದೆ ಶಸ್ತ್ರ ಅಥವಾ ವಿಕಿರಣಕ್ಕೆ ಒಳಗಾದದ್ದೂ ಇದಕ್ಕೆ ಸೇರಿದೆ. ಹೋಲಿಕೆಯ ಗುಂಪು ಇಲ್ಲದಿದ್ದರೆ ಆ ಇಳಿತವನ್ನೂ ಶಸ್ತ್ರಚಿಕಿತ್ಸೆಯ ತಲೆಗೇ ಕಟ್ಟುತ್ತಿದ್ದೆವು.

ರೋಗಿಗೆ ಈ ಎರಡು ಅಂಕಿಗಳಲ್ಲಿ ಯಾವುದನ್ನು ಹೇಳುತ್ತಾರೆ ಎಂಬುದು ಸಣ್ಣ ಮಾತಲ್ಲ. ಇದೇ ಅಧ್ಯಯನದ ಹದಿನೈದು ವರ್ಷಗಳ ಫಲಿತಾಂಶ 2023ರಲ್ಲಿ ಬಂದಿತು. ಮೂರೂ ಗುಂಪು ಸೇರಿ ಪ್ರಾಸ್ಟೇಟ್ ಕ್ಯಾನ್ಸರಿನಿಂದಲೇ ತೀರಿಕೊಂಡವರು ಶೇಕಡಾ 2.7 ಮಾತ್ರ. ರೋಗ ಬೇಗ ಪತ್ತೆಯಾದವರು ಬಹುಕಾಲ ಬದುಕುತ್ತಾರೆ. ಹಾಗೆ ಬದುಕುವ ವರ್ಷಗಳು ಹೇಗಿರುತ್ತವೆ ಎಂಬುದು ಅವರಿಗೂ ಅವರ ಪತ್ನಿಗೂ ದೊಡ್ಡ ಪ್ರಶ್ನೆ.

ಒಂದು ಆಕರ್ಷಕ ಕಲ್ಪನೆ

‘ಪುನಶ್ಚೇತನ’ದ ಕಲ್ಪನೆ ಇಲ್ಲಿ ಹುಟ್ಟಿತು. ಆರೋಗ್ಯವಂತರಲ್ಲಿ ನಿದ್ದೆಯ ನಡುವೆ ತಾನಾಗಿ ನಿಮಿರುವಿಕೆ ಆಗುತ್ತಿರುತ್ತದೆ. ಆಗ ಅಂಗಾಂಶಕ್ಕೆ ಆಮ್ಲಜನಕ ತುಂಬಿದ ರಕ್ತ ಹರಿಯುತ್ತದೆ. ನರಕ್ಕೆ ಪೆಟ್ಟು ಬಿದ್ದ ಮೇಲೆ ಇದು ನಿಲ್ಲುತ್ತದೆ, ಆಮ್ಲಜನಕದ ಕೊರತೆಯಿಂದ ಸ್ನಾಯುವಿನ ಜಾಗದಲ್ಲಿ ನಾರು ಬೆಳೆಯುತ್ತದೆ. ಮುಂದೆ ನರ ಚೇತರಿಸಿಕೊಂಡರೂ ಅಂಗಾಂಶ ಕೆಟ್ಟಿರುತ್ತದೆ. ಆದ್ದರಿಂದ ಮೊದಲ ತಿಂಗಳುಗಳಲ್ಲೇ ಔಷಧಿಯಿಂದ ರಕ್ತ ಹರಿಸುತ್ತಿದ್ದರೆ ಮುಂದೆ ಔಷಧಿಯಿಲ್ಲದೆಯೂ ಶಕ್ತಿ ಮರಳಬೇಕು. ತರ್ಕ ಸುಂದರವಾಗಿದೆ, ಇಲಿಗಳ ಮೇಲಿನ ಪ್ರಯೋಗಗಳೂ ಇದಕ್ಕೆ ಬೆಂಬಲ ಕೊಟ್ಟವು. ಆದರೆ ಸುಂದರವಾದ ತರ್ಕವನ್ನು ಪ್ರಯೋಗಶಾಲೆ ಎಷ್ಟು ಸಲ ಮುರಿದಿದೆ ಎಂಬುದು ನಿಮಗೆ ಗೊತ್ತೇ ಇದೆ.

ಮೊದಲ ಪುರಾವೆ 1997ರಲ್ಲಿ ಇಟಲಿಯಿಂದ ಬಂದಿತು. ಮೊಂಟೋರ್ಸಿ ಮತ್ತು ಸಂಗಡಿಗರು 30 ಮಂದಿಯನ್ನು ಹದಿನೈದರಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ಮೂರು ಸಲ, 12 ವಾರ ಆಲ್‌ಪ್ರೋಸ್ಟಾಡಿಲ್ ಚುಚ್ಚುಮದ್ದು ಕೊಟ್ಟರು. ಇನ್ನೊಂದು ಗುಂಪಿಗೆ ಏನನ್ನೂ ಕೊಡಲಿಲ್ಲ. ಫಲ: ಮೊದಲ ಗುಂಪಿನಲ್ಲಿ ಶೇಕಡಾ 67, ಎರಡನೆಯದರಲ್ಲಿ ಶೇಕಡಾ 20. ಈ 67 ಎಂಬ ಸಂಖ್ಯೆ ಮುಂದೆ ಲೇಖನದಿಂದ ಲೇಖನಕ್ಕೆ ಪಯಣಿಸಿತು.

ಅದನ್ನು ಸ್ವಲ್ಪ ಬಿಚ್ಚಿ ನೋಡೋಣ. ಚುಚ್ಚುಮದ್ದಿನ ಗುಂಪಿನಲ್ಲಿ ಪೂರ್ತಿ ಚಿಕಿತ್ಸೆ ಮುಗಿಸಿದವರು 12 ಮಂದಿ. ಅವರಲ್ಲಿ 8 ಮಂದಿಗೆ ಫಲ ದೊರೆಯಿತು, ಹಾಗಾಗಿ 67. ನಡುವೆ ಬಿಟ್ಟ ಮೂವರು ಲೆಕ್ಕದಲ್ಲಿಲ್ಲ. ಯಾತನೆಯ ಚಿಕಿತ್ಸೆಯನ್ನು ಬಿಟ್ಟುಹೋದವರು ಸಾಮಾನ್ಯವಾಗಿ ಫಲ ಸಿಗದವರೇ ಇರಬಹುದು. ಅವರನ್ನು ವಿಫಲರೆಂದು ಎಣಿಸಿದರೆ 15ರಲ್ಲಿ 8, ಅಂದರೆ ಶೇಕಡಾ 53. ಈಗ ತರಗತಿಯಲ್ಲಿ ಮಾಡಬಹುದಾದ ಒಂದು ಲೆಕ್ಕ. 30 ಚೀಟಿಗಳಲ್ಲಿ 11ರ ಮೇಲೆ ‘ಸಫಲ’ ಎಂದು ಬರೆದು, ಕುಲುಕಿ, ಹದಿನೈದರ ಎರಡು ರಾಶಿ ಮಾಡಿ. ಬರಿಯ ಆಕಸ್ಮಿಕದಿಂದಲೇ ಒಂದು ರಾಶಿಗೆ 8, ಇನ್ನೊಂದಕ್ಕೆ 3, ಅಥವಾ ಅದಕ್ಕಿಂತ ಹೆಚ್ಚಿನ ಅಂತರ ಬರುವ ಸಂಭವ ಎಷ್ಟು? ಸಂಯೋಜನೆಗಳ ಸೂತ್ರ ಹಾಕಿ ನೋಡಿ: ನೂರರಲ್ಲಿ ಸುಮಾರು 13 ಸಲ. ಮೂವರನ್ನು ಕೈಬಿಟ್ಟು 27 ಚೀಟಿಗಳಿಂದ ಇದೇ ಲೆಕ್ಕ ಮಾಡಿದರೆ ನೂರರಲ್ಲಿ ಸುಮಾರು 2 ಸಲ. ಮೂರೇ ಮಂದಿಯನ್ನು ಎಣಿಸುವ ಬಗೆಯಿಂದ ‘ಸಾಬೀತಾಯಿತು’ ಎಂಬುದು ‘ಇರಬಹುದು’ ಎಂದಾಗುತ್ತದೆ. ಮೇಲಾಗಿ ಈ ಅಧ್ಯಯನದಲ್ಲಿ ಹುಸಿಮದ್ದಿನ ಗುಂಪು ಇರಲಿಲ್ಲ.

2008ರಲ್ಲಿ ಸಿಲ್ಡೆನಫಿಲ್ ಕುರಿತ ಒಂದು ಅಧ್ಯಯನ ಬಂದಿತು. 76 ಮಂದಿ, 36 ವಾರ ದಿನವೂ ರಾತ್ರಿ ಮಾತ್ರೆ ಅಥವಾ ಹುಸಿಮಾತ್ರೆ, ಬಳಿಕ ಎಂಟು ವಾರ ಏನೂ ಇಲ್ಲದೆ ಪರೀಕ್ಷೆ. ಮಾತ್ರೆಯ 51 ಮಂದಿಯಲ್ಲಿ 14 (ಶೇಕಡಾ 27), ಹುಸಿಮಾತ್ರೆಯ 25 ಮಂದಿಯಲ್ಲಿ ಒಬ್ಬರೇ (ಶೇಕಡಾ 4) ಚೇತರಿಸಿಕೊಂಡರು. ಏಳು ಪಟ್ಟು ವ್ಯತ್ಯಾಸ! ಆದರೆ ಇಲ್ಲಿ ನೋಡಬೇಕಾದದ್ದು 27 ಅಲ್ಲ, 4. ನರ ಉಳಿಸಿದ ಶಸ್ತ್ರಚಿಕಿತ್ಸೆಯ ಬಳಿಕ ಮದ್ದಿಲ್ಲದೆ ನೂರಕ್ಕೆ ನಾಲ್ವರು ಮಾತ್ರ ಚೇತರಿಸಿಕೊಳ್ಳುತ್ತಾರೆಯೇ? ಅಧ್ಯಯನ ನಡೆಸಿದವರೇ ಹುಸಿಮಾತ್ರೆಯ ಗುಂಪಿನಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಮಂದಿಯನ್ನು ನಿರೀಕ್ಷಿಸಿದ್ದರು. ಒಟ್ಟು ಫಲ ಕಡಿಮೆ ಎಂದು ಭಾವಿಸಿ ಅವರು ರೋಗಿಗಳ ಸೇರ್ಪಡೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಸಣ್ಣ ಗುಂಪಿನಲ್ಲಿ ಅದೃಷ್ಟ ಕೈಕೊಟ್ಟರೆ ಭಾಗಲಬ್ಧ ಬೆಟ್ಟದಷ್ಟಾಗುತ್ತದೆ. ಛೇದ ಚಿಕ್ಕದಾದಾಗ ಏನಾಗುತ್ತದೆ ಎಂದು ನಿಮ್ಮ ವಿದ್ಯಾರ್ಥಿಗಳನ್ನೇ ಕೇಳಿ.

ಪ್ಲಗ್ ತೆಗೆದು ನೋಡಿದಾಗ

ನಿಮ್ಮ ಮನೆಯಲ್ಲಿ ಎಮರ್ಜೆನ್ಸಿ ಲ್ಯಾಂಪ್ ಇರಬಹುದು. ಅದರ ಬ್ಯಾಟರಿ ಚಾರ್ಜ್ ಆಗಿದೆಯೇ ಎಂದು ತಿಳಿಯುವುದು ಹೇಗೆ? ಪ್ಲಗ್ ಹಾಕಿರುವಾಗ ದೀಪ ಉರಿದರೆ ಅದು ಬ್ಯಾಟರಿಯ ಸಾಕ್ಷಿಯಲ್ಲ, ವಿದ್ಯುತ್ ಮಂಡಳಿಯ ಸಾಕ್ಷಿ. ಪ್ಲಗ್ ಕಿತ್ತು ನೋಡಬೇಕು. ಪುನಶ್ಚೇತನದ ಪರೀಕ್ಷೆಯೂ ಹಾಗೆಯೇ. ಮಾತ್ರೆ ರಕ್ತದಲ್ಲಿರುವಾಗ ಬಂದ ಫಲ ಮಾತ್ರೆಯದು. ಮಾತ್ರೆ ಬಿಟ್ಟ ಮೇಲೆ ಉಳಿದ ಫಲ ಮಾತ್ರ ಪುನಶ್ಚೇತನದ್ದು.

ದೊಡ್ಡ ಗುಂಪಿನ ಮೇಲೆ ಹೀಗೆ ನೋಡಿದ ಎರಡು ಅಧ್ಯಯನಗಳಿವೆ. 2008ರ ‘ರೀಇನ್ವೆಂಟ್’ನಲ್ಲಿ 628 ಮಂದಿ: ಒಂದು ಗುಂಪಿಗೆ ದಿನವೂ ವಾರ್ಡೆನಫಿಲ್, ಒಂದಕ್ಕೆ ಬೇಕಾದಾಗ ಮಾತ್ರ, ಒಂದಕ್ಕೆ ಹುಸಿಮಾತ್ರೆ, ಒಂಬತ್ತು ತಿಂಗಳು. ಅಳತೆಗೋಲು, ರೋಗಿಯೇ ತುಂಬುವ ಪ್ರಶ್ನಾವಳಿ. ಅದರಲ್ಲಿ ನಿಮಿರುವಿಕೆಗೆ ಸಂಬಂಧಿಸಿದ ಪ್ರಶ್ನೆಗಳಿಗೆ 30 ಅಂಕ, 22 ಬಂದರೆ ಉತ್ತೀರ್ಣ. ಮಾತ್ರೆ ನಡೆಯುತ್ತಿದ್ದಾಗ ಉತ್ತೀರ್ಣರಾದವರು ಬೇಕಾದಾಗ ನುಂಗಿದವರಲ್ಲಿ ಶೇಕಡಾ 48, ದಿನವೂ ನುಂಗಿದವರಲ್ಲಿ 32, ಹುಸಿಮಾತ್ರೆಯವರಲ್ಲಿ 25. ಎರಡು ತಿಂಗಳು ಎಲ್ಲವನ್ನೂ ನಿಲ್ಲಿಸಿ ನೋಡಿದಾಗ ಕ್ರಮವಾಗಿ 29, 24, 29. ವ್ಯತ್ಯಾಸ ಕರಗಿಹೋಗಿತ್ತು. 2014ರ ‘ರಿಯಾಕ್ಟ್’ನಲ್ಲಿ 423 ಮಂದಿಗೆ ಟಡಾಲಫಿಲ್‌ನೊಂದಿಗೆ ಇಂಥದೇ ಪ್ರಯೋಗ ನಡೆಯಿತು. ಆರು ವಾರದ ವಿರಾಮದ ನಂತರ ದಿನವೂ ನುಂಗಿದವರಲ್ಲಿ ಶೇಕಡಾ 20.9, ಬೇಕಾದಾಗ ನುಂಗಿದವರಲ್ಲಿ 16.9, ಹುಸಿಮಾತ್ರೆಯವರಲ್ಲಿ 19.1. ಇದರ ಮೊದಲ ಲೇಖಕರು 1997ರ ಅಧ್ಯಯನದ ಅದೇ ಮೊಂಟೋರ್ಸಿ ಎಂಬುದನ್ನು ಗೌರವದಿಂದ ಹೇಳಬೇಕು. ತಾವೇ ಬೆಳೆಸಿದ ಕಲ್ಪನೆಗೆ ವಿರುದ್ಧವಾದ ಫಲವನ್ನು ಅವರು ಪ್ರಕಟಿಸಿದರು. ವಿಕಿರಣ ಚಿಕಿತ್ಸೆ ಪಡೆದ 242 ಮಂದಿಯ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಪ್ರಯೋಗವೂ 2014ರಲ್ಲೇ ಪ್ರಕಟವಾಯಿತು. ದಿನವೂ ಟಡಾಲಫಿಲ್ ನುಂಗಿದವರಲ್ಲಿ ಶೇಕಡಾ 79, ಹುಸಿಮಾತ್ರೆಯವರಲ್ಲಿ 74 ಮಂದಿಯ ಶಕ್ತಿ ಉಳಿದಿತ್ತು; ಅಂತರ ಆಕಸ್ಮಿಕದ ಮಿತಿಯೊಳಗಿತ್ತು.

ಎದುರುವಾದವನ್ನೂ ಕೇಳೋಣ. ಅನೇಕ ಕೇಂದ್ರಗಳ ಶಸ್ತ್ರವೈದ್ಯರ ಕೈಚಳಕ ಒಂದೇ ರೀತಿ ಇರುವುದಿಲ್ಲ, ಆ ಗದ್ದಲದಲ್ಲಿ ಸಣ್ಣ ಲಾಭ ಮುಚ್ಚಿಹೋಗಿರಬಹುದು. ನರ ಚೇತರಿಸಿಕೊಳ್ಳಲು ಎರಡು ವರ್ಷ ಬೇಕಾಗಿರುವಾಗ ಒಂಬತ್ತು ತಿಂಗಳ ಪ್ರಯೋಗ ಚಿಕ್ಕದು. ‘ರಿಯಾಕ್ಟ್’ನಲ್ಲಿ ದಿನವೂ ಮಾತ್ರೆ ನುಂಗಿದವರಲ್ಲಿ ಶಿಶ್ನದ ಉದ್ದ ಕುಗ್ಗುವುದು ಸರಾಸರಿ 4 ಮಿಲಿಮೀಟರಿನಷ್ಟು ಕಡಿಮೆಯಾಗಿತ್ತು. ಇವೆಲ್ಲ ನ್ಯಾಯವಾದ ಮಾತುಗಳೇ. ಆದರೆ ಅವು ಮುಂದಿನ ಪ್ರಯೋಗಕ್ಕೆ ಕಾರಣಗಳು, ಇಂದಿನ ಭರವಸೆಗೆ ಆಧಾರಗಳಲ್ಲ. ಹಾಗೆಂದು ಮಾತ್ರೆ ನಿರುಪಯೋಗಿ ಎಂದೂ ಹೇಳಬಾರದು. 48ಕ್ಕೂ 25ಕ್ಕೂ ಇರುವ ಅಂತರ ನಿಜವಾದದ್ದು. ಬೇಕಾದಾಗ ನುಂಗಿದ ಮಾತ್ರೆ ಆ ಹೊತ್ತಿಗೆ ಕೆಲಸ ಮಾಡುತ್ತದೆ. ನನ್ನ ಆಕ್ಷೇಪ ಇಷ್ಟೇ: ದೀಪ ಉರಿಸುವುದನ್ನು ಬ್ಯಾಟರಿ ಚಾರ್ಜ್ ಮಾಡುವುದೆಂದು ಹೇಳಿ ಮಾರಬಾರದು. ತಿಂಗಳು ತಿಂಗಳೂ ಹಣ ತೆತ್ತು ನುಂಗಿ, ಕೊನೆಗೆ ಏನೂ ಮರಳದಿದ್ದಾಗ ರೋಗಿ ತನ್ನನ್ನೇ ದೂರಿಕೊಳ್ಳುತ್ತಾನೆ.

ಆಘಾತ ತರಂಗದ ಕರಪತ್ರ

ಎರಡನೆಯ ಕಾಗದ ನನ್ನದೇ ವಿಷಯಕ್ಕೆ ಸೇರಿದ್ದು. ಮೂತ್ರಪಿಂಡದ ಕಲ್ಲನ್ನು ಆಘಾತ ತರಂಗದಿಂದ ಪುಡಿ ಮಾಡುವ ವಿಧಾನ 1980ರಲ್ಲಿ ಮ್ಯೂನಿಕ್‌ನಲ್ಲಿ ಆರಂಭವಾಯಿತು. ನಿಜವಾದ ಆಘಾತ ತರಂಗದಲ್ಲಿ ಒತ್ತಡ ಕೆಲವು ನ್ಯಾನೊಸೆಕೆಂಡುಗಳಲ್ಲಿ ಏರುತ್ತದೆ, ಅದನ್ನು ದೇಹದೊಳಗಿನ ಒಂದು ಬಿಂದುವಿಗೆ ಕೇಂದ್ರೀಕರಿಸಬಹುದು. ಇದೇ ತರಂಗವನ್ನು ಬಹಳ ತಗ್ಗಿಸಿ, ಚದರ ಮಿಲಿಮೀಟರಿಗೆ 0.09 ಮಿಲಿಜೌಲ್‌ನಂತೆ, 20 ಮಂದಿಯ ಮೇಲೆ ಪ್ರಯೋಗಿಸಿದ ವರದಿ 2010ರಲ್ಲಿ ಇಸ್ರೇಲಿನಿಂದ ಬಂದಿತು. ಆ ಇಪ್ಪತ್ತು ಮಂದಿಯ ತೊಂದರೆ ರಕ್ತನಾಳದ್ದು. ಪ್ರಾಸ್ಟೇಟ್ ತೆಗೆದವರ ತೊಂದರೆ ಮುಖ್ಯವಾಗಿ ನರದ್ದು. ಪಂಪು ಕೆಟ್ಟಾಗ ಮಾಡಿದ ದುರಸ್ತಿಯನ್ನು ತಂತಿ ತುಂಡಾದಾಗಲೂ ಮಾಡಿ ಎಂದಂತೆ ಇದು.

ಇನ್ನೊಂದು ಎಡವಟ್ಟಿದೆ. ‘ಶಾಕ್‌ವೇವ್’ ಎಂದು ಪ್ರಚಾರವಾಗುವ ಎಲ್ಲ ಯಂತ್ರಗಳೂ ಆಘಾತ ತರಂಗ ಉಂಟುಮಾಡುವುದಿಲ್ಲ. ‘ರೇಡಿಯಲ್’ ಎಂಬ ಬಗೆಯಲ್ಲಿ ಸಂಕುಚಿತ ಗಾಳಿ ಒಂದು ಲೋಹದ ತುಂಡನ್ನು ತಳ್ಳಿ ಚರ್ಮಕ್ಕೆ ತಾಗಿದ ತುದಿಗೆ ಬಡಿಯುತ್ತದೆ. ಅದರ ಒತ್ತಡ ಏರಲು ಮೈಕ್ರೊಸೆಕೆಂಡುಗಳೇ ಬೇಕು. ಅದು ಚರ್ಮದ ಮೇಲೆ ಅತಿ ಹೆಚ್ಚಾಗಿದ್ದು ಆಳಕ್ಕೆ ಹೋದಂತೆ ಚದುರುತ್ತದೆ. ಭೌತವಿಜ್ಞಾನದ ಅರ್ಥದಲ್ಲಿ ಇದು ಆಘಾತ ತರಂಗವೇ ಅಲ್ಲ. ಮೇಷ್ಟ್ರು ತಂದ ಕರಪತ್ರದಲ್ಲಿ ಯಂತ್ರ ಯಾವ ಬಗೆಯದು, ಶಕ್ತಿ ಎಷ್ಟು ಎಂಬ ಒಂದು ಏಕಮಾನವೂ ಇರಲಿಲ್ಲ. ಆರು ಬಾರಿಯ ಒಟ್ಟು ದರ ಮಾತ್ರ ದಪ್ಪಕ್ಷರದಲ್ಲಿತ್ತು. ಅಮೆರಿಕದ ಮೂತ್ರಶಾಸ್ತ್ರ ಸಂಘ 2018ರ ತನ್ನ ಮಾರ್ಗಸೂಚಿಯಲ್ಲಿ ಈ ಚಿಕಿತ್ಸೆಯನ್ನು ಇನ್ನೂ ಪ್ರಯೋಗದ ಹಂತದ್ದೆಂದು ವರ್ಗೀಕರಿಸಿತು. ಪ್ರಯೋಗದ ಹಂತದ ಚಿಕಿತ್ಸೆಗೆ ರೋಗಿಯಿಂದ ಹಣ ಪಡೆಯುವುದು ಸರಿಯೇ ಎಂಬುದನ್ನು ನೀವೇ ಯೋಚಿಸಿ.

ಹಾಗಾದರೆ ದಾರಿಯಿಲ್ಲವೇ?

ಇದೆ. ಆದರೆ ಅವು ‘ಮರಳಿಸುವ’ ದಾರಿಗಳಲ್ಲ, ‘ನೆರವಾಗುವ’ ದಾರಿಗಳು. ನರ ಉಳಿದವರಿಗೆ ಬೇಕಾದಾಗ ಮಾತ್ರೆ. ಇಲ್ಲಿ ಒಂದು ಎಚ್ಚರಿಕೆ: ಎದೆನೋವಿಗೆ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆಗಳನ್ನು ಬಳಸುವವರು ಈ ಮಾತ್ರೆಗಳನ್ನು ಮುಟ್ಟಲೇಬಾರದು. ಎರಡೂ ಸೇರಿದರೆ ರಕ್ತದೊತ್ತಡ ಪ್ರಾಣಾಂತಿಕವಾಗಿ ಕುಸಿಯಬಹುದು. ನಾಚಿಕೆಯಿಂದ ವೈದ್ಯರಿಗೆ ಹೇಳದೆ ಅಂಗಡಿಯಿಂದ ಕೊಂಡು ನುಂಗುವವರಿಗೆ ಇದು ನಿಜವಾದ ಅಪಾಯ.

ನರ ಉಳಿಯದವರಿಗೆ ನರದ ಹಂಗಿಲ್ಲದ ಮೂರು ಸಾಧನಗಳಿವೆ. ನಿರ್ವಾತ ಪಂಪು: ಕೊಳವೆಯೊಳಗಿನ ಗಾಳಿ ತೆಗೆದಾಗ ಒತ್ತಡದ ವ್ಯತ್ಯಾಸದಿಂದ ರಕ್ತ ಒಳಬರುತ್ತದೆ, ಬುಡಕ್ಕೆ ಹಾಕಿದ ರಬ್ಬರ್ ಉಂಗುರ ಅದನ್ನು ಹಿಡಿದಿಡುತ್ತದೆ. ಉಂಗುರ 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಇರಕೂಡದು. ಚುಚ್ಚುಮದ್ದು: ಆಲ್‌ಪ್ರೋಸ್ಟಾಡಿಲ್ ನೇರವಾಗಿ ಸ್ನಾಯುವನ್ನು ಸಡಿಲಿಸುತ್ತದೆ. ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ನಾಲ್ಕು ಗಂಟೆ ಮೀರಿ ನಿಮಿರುವಿಕೆ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕೊನೆಯದು, 1973ರಲ್ಲಿ ಬ್ರ್ಯಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು ವರದಿ ಮಾಡಿದ, ದ್ರವ ತುಂಬಿಸಿ ಉಬ್ಬಿಸುವ ಕೃತಕ ಸಾಧನ. ದೇಹದೊಳಗೆ ಒಂದು ದ್ರವದ ಚೀಲ, ವೃಷಣಕೋಶದಲ್ಲಿ ಪುಟ್ಟ ಪಂಪು, ಶಿಶ್ನದಲ್ಲಿ ಎರಡು ಸಿಲಿಂಡರು. ಪಾಸ್ಕಲ್ ನಿಯಮಕ್ಕೆ ಇದಕ್ಕಿಂತ ಮಾನವೀಯವಾದ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ಇದನ್ನು ಅಳವಡಿಸಿದ ಮೇಲೆ ಸಹಜ ನಿಮಿರುವಿಕೆಗೆ ಮರಳುವಂತಿಲ್ಲ. ಆದ್ದರಿಂದ ನರಕ್ಕೆ ಚೇತರಿಸಿಕೊಳ್ಳಲು ಕಾಲ ಕೊಟ್ಟ ಮೇಲೆಯೇ ಈ ನಿರ್ಧಾರ.

ಇನ್ನೂ ಒಂದು ಸಂಗತಿಯನ್ನು ಬಹಳ ಮಂದಿಗೆ ಯಾರೂ ಹೇಳಿರುವುದಿಲ್ಲ. ಪ್ರಾಸ್ಟೇಟ್ ತೆಗೆದ ಮೇಲೆ ವೀರ್ಯ ಹೊರಬರುವುದಿಲ್ಲ. ಆದರೆ ಸ್ಪರ್ಶಜ್ಞಾನದ ನರ ಬೇರೆಯೇ ಆದ್ದರಿಂದ ಸುಖದ ಅನುಭವ ಉಳಿದಿರಬಹುದು. ನಿಮಿರುವಿಕೆ ಹೋದೊಡನೆ ದಾಂಪತ್ಯವೇ ಮುಗಿಯಿತು ಎಂದು ಬೇರೆ ಕೋಣೆಯಲ್ಲಿ ಮಲಗತೊಡಗುವವರಿಗೆ ಈ ಒಂದು ವಾಕ್ಯವನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ, ಪತ್ನಿಯ ಎದುರಿಗೇ ಹೇಳಬೇಕು.

ಮೇಷ್ಟ್ರಿಗೆ ನಾನು ಮೂರು ಪ್ರಶ್ನೆಗಳನ್ನು ಬರೆದುಕೊಟ್ಟೆ. ನೀವು ಹೇಳುವ ಶೇಕಡಾವಾರಿನಲ್ಲಿ ‘ಯಶಸ್ಸು’ ಎಂದರೇನು? ಅದನ್ನು ಅಳೆದದ್ದು ಮಾತ್ರೆ ನಡೆಯುತ್ತಿದ್ದಾಗಲೋ, ಬಿಟ್ಟ ಮೇಲೋ? ನಡುವೆ ಬಿಟ್ಟುಹೋದವರನ್ನು ಎಣಿಸಿದ್ದೀರಾ? ಈ ಮೂರನ್ನೂ ಹಿಡಿದು ಅವರು ಪತ್ನಿಯೊಂದಿಗೆ ವೈದ್ಯರ ಬಳಿ ಹೋದರು. ವೈದ್ಯರು ಬೇಸರಿಸದೆ ಅರ್ಧ ಗಂಟೆ ಮಾತನಾಡಿದರಂತೆ. ದಿನದ ಮಾತ್ರೆ ನಿಂತಿತು, ಬೇಕಾದಾಗಿನ ಮಾತ್ರೆ ಉಳಿಯಿತು, ಶಾಕ್‌ವೇವ್ ಬೇಡವೆಂದಾಯಿತು. ಎರಡು ವರ್ಷ ತುಂಬಲು ಇನ್ನೂ ಸಮಯವಿದೆ, ಕಾಯುತ್ತೇವೆ ಎಂದು ಫೋನಿನಲ್ಲಿ ಹೇಳಿದರು. ನಿಮ್ಮ ತರಗತಿಯಲ್ಲಿ ಆ ಪಾಠ ಬಂದಾಗ ಅದನ್ನು ದಾಟಿ ಹೋಗದೆ ನಿಂತು ಕಲಿಸಿ ಎಂದು ಶಿಕ್ಷಕರಲ್ಲಿ ನನ್ನ ವಿನಂತಿ.